ಪದ ಪರಿಚಯ: ಜಾಕ್‌ಪಾಟ್ ಮತ್ತು ಅದರ ನೆಂಟರು

ಸರ್ಕಾರಿ ನೌಕರರ ತುಟ್ಟಿಭತ್ಯೆ ಶೇಕಡಾ ಎರಡರಷ್ಟು ಏರಿದರೆ ‘ನೌಕರರಿಗೆ ಜಾಕ್‌ಪಾಟ್’. ಕೋಲಾರದಲ್ಲಿ ಟೊಮೆಟೊ ಬೆಲೆ ಜಿಗಿದರೆ ‘ರೈತನಿಗೆ ಜಾಕ್‌ಪಾಟ್’. ಶಾಸಕರೊಬ್ಬರಿಗೆ ನಿಗಮದ ಅಧ್ಯಕ್ಷಗಿರಿ ಒಲಿದರೆ ಅದೂ ಜಾಕ್‌ಪಾಟ್. ಕಳೆದ ವಾರ ಒಂದೇ ಬೆಳಗ್ಗೆ ಮೂರು ತಲೆಬರಹಗಳಲ್ಲಿ ಈ ಪದವನ್ನು ಓದಿದೆ. ಮೂರರಲ್ಲಿಯೂ ಅದಕ್ಕೆ ಉಳಿದಿದ್ದ ಅರ್ಥ ಇಷ್ಟೇ: ಯಾರಿಗೋ ಏನೋ ಸಿಕ್ಕಿತು. ಇಷ್ಟು ಸೊಗಸಾದ ಪದವನ್ನು ಇಷ್ಟು ಸವೆಸಬಾರದು.

ಬೆಂಗಳೂರು ಅಥವಾ ಮೈಸೂರಿನ ರೇಸ್‌ಕೋರ್ಸಿಗೆ ಒಮ್ಮೆಯಾದರೂ ಹೋದವರಿಗೆ ಜಾಕ್‌ಪಾಟ್ ಎಂದರೆ ಅದೃಷ್ಟದ ಇನ್ನೊಂದು ಹೆಸರಲ್ಲ, ಒಂದು ಬಾಜಿಯ ಹೆಸರು. ಆ ದಿನದ ಓಟಗಳಲ್ಲಿ ಸಾಮಾನ್ಯವಾಗಿ ಐದನ್ನು ಜಾಕ್‌ಪಾಟ್‌ಗೆಂದು ಗುರುತು ಮಾಡಿರುತ್ತಾರೆ. ಐದರಲ್ಲಿಯೂ ಗೆಲ್ಲುವ ಕುದುರೆ ಯಾವುದೆಂದು ಮೊದಲ ಓಟ ಆರಂಭವಾಗುವ ಮೊದಲೇ ಬರೆದುಕೊಡಬೇಕು. ಈ ಪ್ರತಿಯೊಂದು ಓಟಕ್ಕೆ ಲೆಗ್ ಎನ್ನುತ್ತಾರೆ. ನಾಲ್ಕು ಲೆಗ್ ಸರಿಯಾಗಿ ಐದನೆಯದರಲ್ಲಿ ಕುದುರೆ ಮೂಗಿನಷ್ಟು ಅಂತರದಲ್ಲಿ ಹಿಂದುಳಿದರೂ ಜಾಕ್‌ಪಾಟ್ ಹೋದಂತೆಯೇ. ನಾಲ್ಕು ಹಿಡಿದವರಿಗೆ ಸಮಾಧಾನದ ಪಾಲೊಂದು ಇರುವುದುಂಟು, ಆದರೆ ಅದನ್ನು ಯಾರೂ ಜಾಕ್‌ಪಾಟ್ ಎನ್ನುವುದಿಲ್ಲ.

ನನ್ನ ಸೋದರಮಾವನ ಹಳೆಯ ರೇಸ್ ಪುಸ್ತಕವೊಂದು ನನ್ನ ಬಳಿ ಇದೆ. ಅದರ ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದಾರೆ: 2 × 1 × 3 × 2 × 4. ಮೊದಲ ಲೆಗ್‌ನಲ್ಲಿ ಎರಡು ಕುದುರೆ, ಎರಡನೆಯದರಲ್ಲಿ ಒಂದೇ, ಹೀಗೆ. ಗುಣಿಸಿದರೆ 48 ಜೋಡಣೆಗಳು, ಪ್ರತಿಯೊಂದಕ್ಕೂ ಬೇರೆ ಬೇರೆ ಹಣ. ಒಂದು ಜೋಡಣೆಗೆ ಹತ್ತು ರೂಪಾಯಿ ಎಂದು ಇಟ್ಟುಕೊಂಡರೂ 480 ರೂಪಾಯಿಯ ಟಿಕೆಟ್. ಆ ‘1’ರ ಸುತ್ತ ಪೆನ್ಸಿಲ್ ಎರಡು ಸುತ್ತು ಹಾಕಿದೆ. ಬೇರೆ ಯಾವುದನ್ನೂ ಜೊತೆಗೆ ಸೇರಿಸದೆ ಪೂರ್ತಿ ನಂಬಿದ ಆ ಕುದುರೆಗೆ ಬ್ಯಾಂಕರ್ ಎಂದು ಹೆಸರು. ‘ಬ್ಯಾಂಕರ್ ಕೈಕೊಟ್ಟರೆ ಉಳಿದ ನಾಲ್ಕು ಯಾಕೆ ಬೇಕು ಹೇಳು’ ಎಂದು ಮಾವ ಕೇಳುತ್ತಿದ್ದರು. ಶುಕ್ರವಾರ ರಾತ್ರಿ ಊಟ ಮುಗಿಸಿ ಕುಳಿತರೆ ಯಾವ ಕುದುರೆ ಎಷ್ಟು ಭಾರ ಹೊರುತ್ತಿದೆ, ಜಾಕಿ ಯಾರು, ಮಳೆ ಬಿದ್ದ ನೆಲದಲ್ಲಿ ಹಿಂದೆ ಹೇಗೆ ಓಡಿತ್ತು ಎಂದು ಎರಡು ಗಂಟೆ ನೋಡುತ್ತಿದ್ದರು. ಯಾರಾದರೂ ಅದನ್ನು ಲಾಟರಿ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕುದುರೆ ಓಟದ ಬಾಜಿಯಲ್ಲಿ ಕೌಶಲಕ್ಕೇ ಮೇಲುಗೈ ಎಂದು ಹೇಳಿತು.

ಇನ್ನು ಪದದ ಹುಟ್ಟು. ಜಾಕ್‌ಪಾಟ್ ಹುಟ್ಟಿದ್ದು ಕುದುರೆಯ ಲಾಯದಲ್ಲಿ ಅಲ್ಲ, ಇಸ್ಪೀಟಿನ ಮೇಜಿನ ಮೇಲೆ, 19ನೆಯ ಶತಮಾನದ ಅಮೆರಿಕದಲ್ಲಿ. ಜಾಕ್ ಎಂದರೆ ನಮ್ಮ ಗುಲಾಮ. ಪಾಟ್ ಎಂದರೆ ಆಟಗಾರರೆಲ್ಲ ಹಾಕಿದ ಹಣ ಸೇರುವ ಗಡಿಗೆ. ಪೋಕರ್ ಆಟದ ಒಂದು ಬಗೆಯಲ್ಲಿ ಕೈಯಲ್ಲಿ ಕನಿಷ್ಠ ಒಂದು ಜೋಡಿ ಗುಲಾಮರಾದರೂ ಇದ್ದವರು ಮಾತ್ರ ಪಂದ್ಯವನ್ನು ಆರಂಭಿಸಬಹುದಾಗಿತ್ತು. ಯಾರ ಕೈಯಲ್ಲಿಯೂ ಅಂಥ ಎಲೆಗಳಿಲ್ಲದಿದ್ದರೆ ಎಲ್ಲರೂ ಎಲೆ ಕೆಳಗಿಟ್ಟು, ಮತ್ತೆ ಹಣ ಹಾಕಿ, ಮತ್ತೆ ಕಲಸಿ ಹಂಚಬೇಕು. ಮೊದಲು ಹಾಕಿದ ಹಣ ಯಾರಿಗೂ ವಾಪಸ್ಸಿಲ್ಲ, ಅದು ಗಡಿಗೆಯಲ್ಲಿಯೇ. ಎರಡನೆಯ ಸಲವೂ ಗುಲಾಮರ ಜೋಡಿ ಬಾರದಿದ್ದರೆ ಇನ್ನಷ್ಟು ಹಣ. ಹೀಗೆ ಸುತ್ತಿನ ಮೇಲೆ ಸುತ್ತು ಉಬ್ಬುತ್ತ ಹೋದ ಆ ‘ಗುಲಾಮನ ಗಡಿಗೆ’ಯೇ ಜಾಕ್‌ಪಾಟ್. 20ನೆಯ ಶತಮಾನದಲ್ಲಿ ಪದ ಅಲ್ಲಿಂದ ಹಿಡಿಕೆ ಎಳೆಯುವ ಜೂಜಿನ ಯಂತ್ರಗಳಿಗೂ ರೇಸಿಗೂ ಲಾಟರಿಗೂ ಹಬ್ಬಿತು.

ನಾನು ಪದೇ ಪದೇ ಹೇಳಬೇಕೆಂದಿರುವುದು ಇದನ್ನೇ. ಜಾಕ್‌ಪಾಟ್ ಎಂಬ ಪದದೊಳಗೆ ಗೆಲುವಿಗಿಂತ ಮೊದಲು ಸೋಲು ಇದೆ. ಹಲವರು ಕಟ್ಟಿದ ಹಣ, ಯಾರಿಗೂ ದಕ್ಕದೆ ಬೆಳೆದ ಹಣ, ಕೊನೆಗೆ ಒಬ್ಬನೋ ಕೆಲವರೋ ಬಾಚಿಕೊಂಡ ಹಣ: ಈ ಮೂರೂ ಕೂಡಿದರೆ ಪದ ತುಂಬಿಕೊಳ್ಳುತ್ತದೆ. ರೇಸಿನಲ್ಲಿ ಐದೂ ಲೆಗ್ ಹಿಡಿದವರು ಒಬ್ಬರೂ ಇಲ್ಲದ ದಿನ ಹಣ ಮುಂದಿನ ರೇಸಿನ ದಿನಕ್ಕೆ ಹೋಗಿ ಸೇರುವುದುಂಟು. ಅದಕ್ಕೆ ಕ್ಯಾರಿ ಓವರ್ ಎನ್ನುತ್ತಾರೆ. ಅಂಥ ದಿನ ಕೌಂಟರಿನ ಮುಂದಿನ ಸಾಲು ಉದ್ದವಾಗುತ್ತದೆ. ಗುಲಾಮನ ಗಡಿಗೆಯ ಕಥೆ ಅಲ್ಲಿ ಚಾಚೂ ತಪ್ಪದೆ ನಡೆಯುತ್ತಿರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಪೆಟ್ರೋಲ್ ಬಂಕುಗಳಲ್ಲಿ ನೋಡುವ ಲಾಟರಿ ಫಲಕಗಳ ಮೇಲೆಯೂ ಪದ ಸರಿಯಾಗಿಯೇ ಇದೆ. ಯಾರಿಗೂ ಬಾರದೆ ವಾರದಿಂದ ವಾರಕ್ಕೆ ಬೆಳೆದ ಮೊತ್ತವನ್ನೇ ಅವು ತೋರಿಸುವುದು.

ಜಾಕ್‌ಪಾಟ್ ಎಂದರೆ ಕೋಟಿ ಎಂದುಕೊಳ್ಳುವುದು ಇನ್ನೊಂದು ತಪ್ಪು. ರೇಸಿನಲ್ಲಿ ಅದು ಎಷ್ಟು ಕೊಡುತ್ತದೆ ಎಂಬುದು ಟೋಟ್ ಪದ್ಧತಿಯ, ಅಂದರೆ ಎಲ್ಲರೂ ಕಟ್ಟಿದ ಹಣವನ್ನು ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಪದ್ಧತಿಯ, ಲೆಕ್ಕಕ್ಕೆ ಬಿಟ್ಟಿದ್ದು. ಕ್ಲಬ್ಬಿನ ಪಾಲು, ತೆರಿಗೆ ಎಲ್ಲ ಕಳೆದು ಹಂಚಲು ಹತ್ತು ಲಕ್ಷ ಉಳಿಯಿತು ಎನ್ನೋಣ. ಗೆದ್ದ ಟಿಕೆಟ್ ನಾಲ್ಕೇ ಇದ್ದರೆ ತಲಾ ಎರಡೂವರೆ ಲಕ್ಷ. ಐದು ಲೆಗ್‌ನಲ್ಲಿಯೂ ಎಲ್ಲರೂ ನಿರೀಕ್ಷಿಸಿದ ಫೇವರಿಟ್ ಕುದುರೆಗಳೇ ಗೆದ್ದು 500 ಟಿಕೆಟ್ ಸರಿಯಾದರೆ ತಲಾ ಎರಡು ಸಾವಿರ. ಅದೂ ಜಾಕ್‌ಪಾಟೇ. ಬುಕ್ಕಿಯ ಬಳಿ ಕಟ್ಟಿದರೆ ದರ ಆಗಲೇ ನಿಗದಿಯಾಗುತ್ತದೆ, ಟೋಟ್‌ನಲ್ಲಿ ನಿಮ್ಮ ಪಾಲು ಎಷ್ಟೆಂಬುದು ನಿಮ್ಮಂತೆಯೇ ಯೋಚಿಸಿದವರು ಎಷ್ಟು ಜನ ಎಂಬುದರ ಮೇಲೆ ನಿಂತಿರುತ್ತದೆ. ಈ ಪದ್ಧತಿಯನ್ನು 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದವನು ಜೋಸೆಫ್ ಒಲ್ಲರ್. ಅದರ ಲೆಕ್ಕವನ್ನು ತಾನೇ ಮಾಡುವ ಯಂತ್ರವನ್ನು ಕಟ್ಟಿದವನು ಎಂಜಿನಿಯರ್ ಜಾರ್ಜ್ ಜೂಲಿಯಸ್. ಆತ ಮೊದಲು ಯೋಚಿಸಿದ್ದು ಚುನಾವಣೆಯಲ್ಲಿ ಮತ ಎಣಿಸುವ ಯಂತ್ರವನ್ನು. ಅದನ್ನು ಯಾರೂ ಕೊಳ್ಳದಿದ್ದಾಗ ಬಾಜಿ ಎಣಿಸುವಂತೆ ತಿದ್ದಿದ, 1913ರಲ್ಲಿ ಅದು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಕೆಲಸಕ್ಕೆ ನಿಂತಿತು. ಟೋಟ್‌ನಲ್ಲಿ ಸೇರುವ ಹಣಕ್ಕೆ ಪೂಲ್ ಎನ್ನುವುದನ್ನು ಅನುವಾದವೊಂದರಲ್ಲಿ ‘ಕೊಳ’ ಎಂದು ಬರೆದದ್ದನ್ನು ಓದಿದ್ದೇನೆ. ಈ ಪೂಲ್‌ಗೂ ನೀರಿಗೂ ಸಂಬಂಧವಿಲ್ಲ. ಅದು ಫ್ರೆಂಚಿನಿಂದ ಬಂದದ್ದು, ಅಲ್ಲಿ ಆ ಪದಕ್ಕೆ ಮೊದಲ ಅರ್ಥ ಹೇಂಟೆ.

ಜಾಕ್‌ಪಾಟ್‌ನ ನೆಂಟರಲ್ಲಿ ಹೆಚ್ಚು ತಪ್ಪಾಗಿ ವಿವರಿಸಲ್ಪಡುವುದು ಪ್ಲೇಸ್. ಪ್ಲೇಸ್ ಎಂದರೆ ಕುದುರೆ ಎರಡನೆಯ ಸ್ಥಾನಕ್ಕೆ ಬರಬೇಕು ಎಂದು ಬರೆಯುತ್ತಾರೆ. ಇದು ಅಮೆರಿಕದ ಪುಸ್ತಕ ನೋಡಿ, ಅದನ್ನೂ ಅರ್ಧ ಓದಿ ಬರೆದದ್ದು. ಅಮೆರಿಕದಲ್ಲಿ ಪ್ಲೇಸ್ ಕಟ್ಟಿದ ಕುದುರೆ ಮೊದಲ ಎರಡರಲ್ಲಿ ಒಂದಾದರೆ ಸಾಕು, ಮೊದಲ ಮೂರಕ್ಕೆ ಅಲ್ಲಿ ಷೋ ಎಂಬ ಬೇರೆ ಬಾಜಿಯಿದೆ. ನಮ್ಮಲ್ಲಿ ಷೋ ಇಲ್ಲ. ನಮ್ಮ ಪ್ಲೇಸ್ ಬ್ರಿಟಿಷರಿಂದ ಬಂದದ್ದು. ಓಡುವ ಕುದುರೆಗಳ ಸಂಖ್ಯೆ ನೋಡಿಕೊಂಡು ಮೊದಲ ಎರಡೋ ಮೂರೋ ನಾಲ್ಕೋ ಸ್ಥಾನಗಳಿಗೆ ಅದು ಹಣ ಕೊಡುತ್ತದೆ. ಪ್ಲೇಸ್ ಕಟ್ಟಿದ ಕುದುರೆ ಗೆದ್ದುಬಿಟ್ಟರೂ ಹಣ ಬರುತ್ತದೆ. ಸರಿಯಾಗಿ ಎರಡನೆಯದೇ ಆಗಬೇಕು ಎಂಬ ಬಾಜಿ ನಮ್ಮಲ್ಲಿ ಬೇರೆಯೇ ಇದೆ: ಸೆಕೆಂಡ್ ಹಾರ್ಸ್ ಪೂಲ್, ಪತ್ರಿಕೆಗಳ ಫಲಿತಾಂಶದಲ್ಲಿ ಎಸ್‌ಎಚ್‌ಪಿ. ಅದರಲ್ಲಿ ನಿಮ್ಮ ಕುದುರೆ ಗೆದ್ದರೆ ನೀವು ಸೋತಿರಿ. ಒಂದರಲ್ಲಿ ಗೆಲುವಾದದ್ದು ಇನ್ನೊಂದರಲ್ಲಿ ಸೋಲು. ಇವೆರಡನ್ನು ಒಂದೇ ಎಂದು ಬರೆಯುವವರನ್ನು ನಂಬಿ ಕೌಂಟರಿನ ಮುಂದೆ ನಿಂತ ಹೊಸಬ ಕೈ ಸುಟ್ಟುಕೊಳ್ಳುತ್ತಾನೆ.

ಉಳಿದವು ಸುಲಭ. ಮೊದಲ ಎರಡು ಕುದುರೆಗಳನ್ನು ಅದೇ ಕ್ರಮದಲ್ಲಿ ಹೇಳಿದರೆ ಫೋರ್‌ಕಾಸ್ಟ್, ಹಿಂದುಮುಂದಾದರೂ ನಡೆಯುತ್ತದೆ ಎಂದರೆ ಕ್ವಿನೆಲ್ಲಾ. ಮೂರು ಓಟಗಳ ಗೆಲುವಿನ ಕುದುರೆಗಳನ್ನು ಒಂದೇ ಟಿಕೆಟ್ಟಿನಲ್ಲಿ ಹಿಡಿಯುವುದು ಟ್ರೆಬಲ್. ವಿನ್ ಎಂಬುದನ್ನು ವಿವರಿಸಬೇಕಾಗಿಲ್ಲ.

ಬಾಜಿಯ ಜೊತೆಗೆ ಬರುವ ಕ್ರಿಯಾಪದವನ್ನೂ ಉಳಿಸಿಕೊಳ್ಳಬೇಕು. ‘ಕುದುರೆಯ ಮೇಲೆ ಬೆಟ್ ಇರಿಸಿದನು’ ಎಂದು ಈಗ ಬರೆಯುತ್ತಿದ್ದಾರೆ. ಬಾಜಿಯನ್ನು ಕನ್ನಡದಲ್ಲಿ ಕಟ್ಟುತ್ತಾರೆ. ಕಂದಾಯ ಕಟ್ಟಿದ ಹಾಗೆ, ಚೀಟಿ ಕಟ್ಟಿದ ಹಾಗೆ. ರೇಸಿಗೆ ಬಿದ್ದು ಮನೆ ಮಾರಿದವನ ಬಗ್ಗೆ ನಮ್ಮ ಹೆಂಗಸರು ‘ಎಲ್ಲವನ್ನೂ ಕುದುರೆ ಬಾಲಕ್ಕೆ ಕಟ್ಟಿದ’ ಎನ್ನುತ್ತಿದ್ದರು. ಹಣ ಕಟ್ಟುವುದು, ಬಾಲಕ್ಕೆ ಗಂಟು ಕಟ್ಟುವುದು, ಕುದುರೆ ಅದನ್ನು ಹೊತ್ತುಕೊಂಡು ಓಡಿಹೋಗುವುದು, ಇಷ್ಟೂ ಒಂದೇ ಕ್ರಿಯಾಪದದಲ್ಲಿದೆ. ‘ಇರಿಸಿದನು’ ಎಂದರೆ ಇದರಲ್ಲಿ ಒಂದೂ ಉಳಿಯುವುದಿಲ್ಲ.

ಈಗ ಆ ತಲೆಬರಹಗಳಿಗೆ ಬರೋಣ. ತುಟ್ಟಿಭತ್ಯೆ ಎಂದರೆ ಬೆಲೆ ಏರಿದ್ದರಿಂದ ಸಂಬಳದ ಬೆಲೆ ಕುಸಿಯಿತಲ್ಲ, ಆ ಕೊರತೆಯನ್ನು ತುಂಬಿಕೊಡುವ ಹಣ. ನೌಕರ ಬಾಜಿ ಕಟ್ಟಲಿಲ್ಲ, ಯಾರೂ ಸೋಲಲಿಲ್ಲ, ಗಡಿಗೆಯೂ ಇಲ್ಲ. ಹಾಲು, ಬೇಳೆ, ಬಾಡಿಗೆ ಎಲ್ಲ ಏರಿದ ಮೇಲೆ ತಡವಾಗಿ ಬಂದ ನ್ಯಾಯದ ಹಣವನ್ನು ಜಾಕ್‌ಪಾಟ್ ಎಂದರೆ, ಪಡೆದವನು ಪುಕ್ಕಟೆ ಪಡೆದ ಎಂಬ ಭಾವನೆ ಓದುಗರಲ್ಲಿ ಕೂರುತ್ತದೆ. ನನಗೆ ಹೆಚ್ಚು ನೋವಾಗುವುದು ಟೊಮೆಟೊ ರೈತನ ವಿಷಯದಲ್ಲಿ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದಾಗ ಈ ಪದ ದಿನವೂ ಮುದ್ರಣವಾಯಿತು. ಅದೇ ರೈತ ಬೇರೆ ವರ್ಷಗಳಲ್ಲಿ ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದಿದ್ದಾನೆ. ಆತ ಮಾರಿದ್ದು ತನ್ನ ಬೆಳೆಯನ್ನು, ನೀರು ಕಟ್ಟಿ, ಕಡ್ಡಿ ನಿಲ್ಲಿಸಿ, ಔಷಧಿ ಹೊಡೆದು ಬೆಳೆದದ್ದನ್ನು.

ಬೇಕಾದ ಮಾತುಗಳು ನಮ್ಮಲ್ಲಿಯೇ ಇವೆ. ಬೆಲೆ ಕುದುರಿತು, ಕೈತುಂಬ ಲಾಭ ಬಂತು, ಅದೃಷ್ಟ ಖುಲಾಯಿಸಿತು, ಭತ್ಯೆ ಏರಿತು. ಬೆಲೆ ‘ಕುದುರುವುದು’ ಕುದುರೆಯಿಂದ ಬಂದದ್ದಲ್ಲ ಎಂದೂ ಹೇಳಿಬಿಡುತ್ತೇನೆ, ಯಾರಾದರೂ ಅದನ್ನೂ ರೇಸಿಗೆ ಕಟ್ಟುವ ಮೊದಲು.