ಸರಾಸರಿ 26 ಪಾಯಿಂಟ್, ಆದರೂ ಬೆಲೆ ಬರೀ 40 ಸೆಂಟ್?

ಪ್ರಶ್ನೆ: ಎನ್‌ಬಿಎ, ಅಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಆಡುವ ಒಬ್ಬನ ಸರಾಸರಿ ಪಂದ್ಯಕ್ಕೆ 26 ಪಾಯಿಂಟ್. ಇವತ್ತಿನ ಪಂದ್ಯದಲ್ಲಿ ಅವನು "27 ಅಥವಾ ಜಾಸ್ತಿ" ಹೊಡೆಯುತ್ತಾನೆ ಅನ್ನುವ ಕರಾರು ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ (ಮುಂದೇನಾಗುತ್ತದೆ ಅನ್ನುವುದರ ಮೇಲೆ ಜನ ದುಡ್ಡು ಹಾಕುವ ಮಾರುಕಟ್ಟೆಯಲ್ಲಿ) 40 ಸೆಂಟ್‌ಗೆ ಸಿಗುತ್ತಿದೆ. ಹೆಚ್ಚುಕಮ್ಮಿ ಅರ್ಧಕ್ಕರ್ಧ ಚಾನ್ಸ್ ಇರಬೇಕು, ಅಲ್ವಾ? ಹಾಗಾದರೆ ಇದು ಅಗ್ಗದ ಮಾಲು ತಾನೇ?

ಉತ್ತರ: ಅಲ್ಲ. ಈ ಪ್ರಶ್ನೆ ಕೇಳದವರೇ ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಬೆಲೆಯ ವಿಚಾರ. ಕಲ್ಶಿ, ಪಾಲಿಮಾರ್ಕೆಟ್‌ನಂಥ ಪ್ರಿಡಿಕ್ಷನ್ ಮಾರ್ಕೆಟ್‌ಗಳಲ್ಲಿ ಒಂದು ಕರಾರು ಗೆದ್ದರೆ 1 ಡಾಲರ್, ಸೋತರೆ ಸೊನ್ನೆ. 40 ಸೆಂಟ್ ಅಂದರೆ ಮಾರುಕಟ್ಟೆ ಸುಮಾರು ಶೇ. 40ರಷ್ಟು ಚಾನ್ಸ್ ಕೊಟ್ಟಿದೆ ಅಂತ. ನೀವು ಹೊಸದಾಗಿ ಹುಟ್ಟುವ ಒಂದು "ಹೌದು" ಕೊಂಡಾಗ ಆ ಕಡೆ ಯಾರೋ ಒಬ್ಬರು 60 ಸೆಂಟ್ ಕೊಟ್ಟು "ಇಲ್ಲ" ಕೊಂಡಿರುತ್ತಾರೆ. (ಇದೆಲ್ಲ ಅಮೆರಿಕದ ಮಾತು. ಭಾರತದಲ್ಲಿ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ.)

ಈಗ ಸರಾಸರಿ. ಒಬ್ಬನ ಹತ್ತು ಪಂದ್ಯಗಳ ಪಾಯಿಂಟ್ ಹೀಗಿವೆ ಅಂದುಕೊಳ್ಳಿ: 14, 20, 22, 23, 24, 25, 27, 28, 31, 46. ಕೂಡಿದರೆ 260, ಸರಾಸರಿ 26. ಆದರೆ 27 ಅಥವಾ ಜಾಸ್ತಿ ಹೊಡೆದದ್ದು ಎಷ್ಟು ಸಲ? ನಾಲ್ಕೇ ಸಲ. ಆ ಒಂದು 46 ಇಡೀ ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಕೆಳಗೆ ಹೋದರೆ ಸೊನ್ನೆಗೆ ನಿಲ್ಲಬೇಕು, ಮೇಲಕ್ಕೆ ಅಂಥ ತಡೆ ಇಲ್ಲ.

ಕ್ರಿಕೆಟ್ ನೋಡಿದವರಿಗೆ ಇದು ಹೊಸದೇನಲ್ಲ. ನಮ್ಮ ದ್ರಾವಿಡ್ ಟೆಸ್ಟ್ ಸರಾಸರಿ 52.31. ಆದರೆ 286 ಇನಿಂಗ್ಸ್‌ಗಳಲ್ಲಿ ಐವತ್ತು ದಾಟಿದ್ದು 99 ಸಲ: 36 ಶತಕ, 63 ಅರ್ಧಶತಕ. ಮೂರರಲ್ಲಿ ಒಂದಕ್ಕಿಂತ ಚೂರು ಜಾಸ್ತಿ, ಅಷ್ಟೇ. ನಾಟೌಟ್‌ಗಳು ಸರಾಸರಿಯನ್ನು ಸ್ವಲ್ಪ ಎತ್ತುತ್ತವೆ, ಒಪ್ಪಿದೆ. ಆದರೂ "ಗೋಡೆ"ಯ ಕಥೆಯೇ ಹೀಗಿದ್ದರೆ ಉಳಿದವರದ್ದು ಕೇಳಬೇಕೇ?

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇನ್ನೊಂದು ತೊಡಕಿದೆ: ನಿಮಿಷಗಳು. ಪಂದ್ಯ ನಾಲ್ಕು ಕ್ವಾರ್ಟರ್ ಸೇರಿ 48 ನಿಮಿಷದ್ದು, ಆದರೆ ಯಾರನ್ನು ಎಷ್ಟು ಹೊತ್ತು ಆಡಿಸಬೇಕು ಅನ್ನೋದು ಕೋಚ್ ಕೈಲಿ. 2005ರ ಡಿಸೆಂಬರ್ 20ರಂದು ಮೂರು ಕ್ವಾರ್ಟರ್ ಮುಗಿಯುವಾಗ ಲೇಕರ್ಸ್‌ನ ಕೋಬಿ ಬ್ರಯಂಟ್ ಒಬ್ಬರೇ 62 ಪಾಯಿಂಟ್ ಹೊಡೆದಿದ್ದರು. ಎದುರಿನ ಡಲ್ಲಾಸ್ ಮ್ಯಾವರಿಕ್ಸ್‌ನ ಇಡೀ ತಂಡದ್ದು 61! ಪಂದ್ಯ ಕೈಗೆ ಬಂದಾಗಿತ್ತು, ಕೋಬಿ ನಾಲ್ಕನೇ ಕ್ವಾರ್ಟರ್ ಪೂರ್ತಿ ಬೆಂಚಿನ ಮೇಲೆ ಕೂತರು. ಆವತ್ತು "65 ಅಥವಾ ಜಾಸ್ತಿ" ಅಂತ ಒಂದು ಕರಾರು ಇದ್ದಿದ್ದರೆ, ಕೊಂಡವರು ಸುಮ್ನೆ ಬೆಂಚು ನೋಡುತ್ತಾ ಸೋಲುತ್ತಿದ್ದರು. ಹಾಗಾಗಿ ಪಾಯಿಂಟ್ ಲೆಕ್ಕ ಹಾಕುವ ಮೊದಲು ನಿಮಿಷದ ಲೆಕ್ಕ ಹಾಕಿ. ಗಾಯಾಳುಗಳ ಪಟ್ಟಿ ಬಂದ ತಕ್ಷಣ ಬೆಲೆ ಜಿಗಿಯುವುದೂ ಇದಕ್ಕೇ.

ಇಲ್ಲೇ ಒಂದು ಕೊಳಕು ವಿಷಯವೂ ಇದೆ. ಜಾಸ್ತಿ ಪಾಯಿಂಟ್ ಹೊಡೆಯುವುದು ಆಟಗಾರನೊಬ್ಬನ ಕೈಲಿಲ್ಲ, ಆದರೆ ಕಡಿಮೆ ಹೊಡೆಯುವುದು ಅವನ ಕೈಲಿದೆ. ಟೊರಾಂಟೊ ರ‍್ಯಾಪ್ಟರ್ಸ್‌ನ ಜಾಂಟೆ ಪೋರ್ಟರ್ 2024ರ ಮಾರ್ಚ್ 20ರ ಪಂದ್ಯದಲ್ಲಿ 3 ನಿಮಿಷ ಆಡಿ, ಹುಷಾರಿಲ್ಲ ಅಂತ ಹೊರಬಂದರು. ಅವರು ಕಡಿಮೆ ಆಡುತ್ತಾರೆ ಅಂತ ಒಬ್ಬರು 11 ಲಕ್ಷ ಡಾಲರ್ ಆಸೆಗೆ 80,000 ಡಾಲರ್ ಕಟ್ಟಿದ್ದರು. ಅನುಮಾನ ಬಂದು ಆ ಬಾಜಿಯನ್ನು ತಡೆಹಿಡಿಯಲಾಯಿತು. ಏಪ್ರಿಲ್‌ನಲ್ಲಿ ಎನ್‌ಬಿಎ ಪೋರ್ಟರ್ ಅವರನ್ನು ಆಜೀವ ನಿಷೇಧಿಸಿತು. ಜುಲೈನಲ್ಲಿ ಅವರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು.

ಅದು ನಡೆದದ್ದು ಮಾಮೂಲಿ ಬೆಟ್ಟಿಂಗ್ ಕಂಪನಿಯಲ್ಲಿ. ಆಮೇಲೆ ಅಂಥ ಕಂಪನಿಗಳು ಪೋರ್ಟರ್‌ನಂತೆ ಟು-ವೇ ಒಪ್ಪಂದದಲ್ಲಿರುವ (ಎನ್‌ಬಿಎ ಮತ್ತು ಅದರ ಕೆಳಗಿನ ಲೀಗ್ ಎರಡರಲ್ಲೂ ಆಡುವ) ಸಣ್ಣ ಸಂಬಳದ ಆಟಗಾರರ ಮೇಲೆ "ಕಡಿಮೆ" ಅನ್ನುವ ಬಾಜಿಯನ್ನೇ ಕೈಬಿಟ್ಟವು. ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ ಹಾಗೆ ಒಂದು ಕಡೆ ಮಾತ್ರ ಮುಚ್ಚಲು ಬರುವುದಿಲ್ಲ. ನಿಮ್ಮ 40 ಸೆಂಟ್‌ನ "ಹೌದು" ಹುಟ್ಟಬೇಕಾದರೆ ಯಾರೋ ಒಬ್ಬರು 60 ಸೆಂಟ್‌ನ "ಇಲ್ಲ" ಹಿಡಿಯಲೇಬೇಕು.