ನಿಂತಲ್ಲೇ ತಿರುಗಿದರೆ ಗುಡಿ ಸಿಗುವುದಿಲ್ಲ

ವಾಸ್ಕೋ, ಮಡಗಾಂವ್ ಕಡೆಯ ನಮ್ಮ ಕನ್ನಡದವರು ರಜೆ ಸಿಕ್ಕರೆ ಗೋವಾದ ತಾಂಬಡಿ ಸುರ್ಲಾಕ್ಕೆ ಹೋಗುತ್ತಾರೆ. ಕಾಡಿನ ನಡುವೆ ಕದಂಬರ ಕಾಲದ ಮಹಾದೇವ ಗುಡಿ, ಪೂರ್ತಿ ಕರಿಕಲ್ಲಿನದು. ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಅದರ ತ್ರೀಡಿ ಮಾದರಿ ಮಾಡಲು ಹೊರಟವರು ಮಾಡುವುದೇನು? ಎದುರಿಗೆ ನಿಂತು, ಮೊಬೈಲ್ ಹಿಡಿದು ಗಿರ್ರನೆ ಒಂದು ಸುತ್ತು. ಉಳಿದದ್ದನ್ನು ಎಐ ನೋಡಿಕೊಳ್ಳುತ್ತದಂತೆ! ಇಲ್ಲ ಸ್ವಾಮಿ, ನೋಡಿಕೊಳ್ಳುವುದಿಲ್ಲ.

ಫೋಟೋಗಳಿಂದ ಮಾದರಿ ಕಟ್ಟುವುದು ತ್ರಿಕೋನದ ಲೆಕ್ಕ. ರೈಲಿನ ಕಿಟಕಿಯಲ್ಲಿ ಹತ್ತಿರದ ಕಂಬ ಸರ್ರನೆ ಹಿಂದಕ್ಕೆ ಓಡುತ್ತದೆ, ದೂರದ ಘಟ್ಟ ಕದಲುವುದೇ ಇಲ್ಲ, ಅಲ್ವಾ? ಎಷ್ಟು ಸರಿಯಿತು ಅನ್ನುವುದರಿಂದ ಎಷ್ಟು ದೂರ ಅಂತ ಹೇಳಬಹುದು. ಆದರೆ ರೈಲು ಓಡಬೇಕು! ನಿಂತಲ್ಲೇ ತಿರುಗಿದರೆ ಹತ್ತಿರದ್ದೂ ದೂರದ್ದೂ ಒಂದೇ ಸಮ ಸರಿಯುತ್ತವೆ. ಅದಕ್ಕೇ ಗುಡಿಯ ಸುತ್ತ ನಡೆಯುತ್ತಾ, ಒಂದು ಫೋಟೋದಲ್ಲಿ ಬಂದದ್ದರ ಬಹುಪಾಲು ಮುಂದಿನದರಲ್ಲೂ ಬರುವಂತೆ ತೆಗೆಯಬೇಕು. ಕಲ್ಲಿನಲ್ಲಿ ಚಕ್ಕೆ ಎದ್ದ ಒಂದು ಗುರುತನ್ನು ಸಾಫ್ಟ್‌ವೇರ್ ಹಲವು ಫೋಟೋಗಳಲ್ಲಿ ಹುಡುಕುತ್ತದೆ. ಕ್ಯಾಮೆರಾ ಇದ್ದ ಪ್ರತಿ ಜಾಗದಿಂದ ಆ ಗುರುತಿಗೆ ಒಂದು ಗೆರೆ. ಗೆರೆಗಳು ಸೇರುವಲ್ಲಿ ಆ ಚಕ್ಕೆ. ತಮಾಷೆ ಅಂದರೆ ಕ್ಯಾಮೆರಾ ಎಲ್ಲಿತ್ತು ಅಂತಲೂ ಅದಕ್ಕೆ ಮೊದಲು ಗೊತ್ತಿರುವುದಿಲ್ಲ. ಸಾವಿರಾರು ಗುರುತುಗಳನ್ನೂ ಕ್ಯಾಮೆರಾದ ಜಾಗಗಳನ್ನೂ ಒಟ್ಟಿಗೇ, ಗೆರೆಗಳೆಲ್ಲ ಆದಷ್ಟು ಹೊಂದುವವರೆಗೆ, ಚೂರು ಚೂರೇ ಸರಿಸಿ ಕಂಡುಹಿಡಿಯುತ್ತದೆ.

ಹಾಗಾಗಿ ಈ ಒರಟು ಕಲ್ಲಿನ ಗುಡಿ ಸುಲಭ, ಪಣಜಿಯ ಬಿಳಿ ಚರ್ಚು ಕಷ್ಟ. ಬರಿ ಬಿಳಿ ಗೋಡೆಯಲ್ಲಿ ಗುರುತು ಹಿಡಿಯಲು ಏನಿದೆ? ಅಲ್ಲಿ ಗೋಡೆಗೆ ಬೆಳಕು ಬಿಟ್ಟು ಅಳೆಯುವ ಲೇಸರ್ ಸ್ಕ್ಯಾನರ್ ವಾಸಿ. ಬೆಳಕು ಒಂದು ನ್ಯಾನೋಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ, ಸುಮಾರು 30 ಸೆಂಟಿಮೀಟರ್ ಓಡುತ್ತದೆ. ಹೋಗಿ ಬಂದ ಹೊತ್ತು ಅಳೆದರೆ ದೂರ ಸಿಕ್ಕಿತು. ಗಾಜು, ನೀರು ಬಂದರೆ ಫೋಟೋ, ಲೇಸರ್ ಎರಡೂ ಮುಗ್ಗರಿಸುತ್ತವೆ.

ಸುಮ್ನೆ ಎಲ್ಲದಕ್ಕೂ ಎಐ ಹೆಸರು ಹೇಳುವವರಿಗೆ ಹಳೇ ಕತೆಯೊಂದಿದೆ. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಚರ್ಚಿನ ಮೇಲೆ ಹತ್ತಿ ಅಳತೆ ತೆಗೆಯುತ್ತಿದ್ದ ಕಟ್ಟಡ ಎಂಜಿನಿಯರ್ ಆಲ್ಬ್ರೆಕ್ಟ್ ಮೈಡೆನ್‌ಬವರ್ ಸ್ವಲ್ಪದರಲ್ಲಿ ಕೆಳಗೆ ಬೀಳುವುದು ತಪ್ಪಿತು. ಹತ್ತುವ ಬದಲು ಫೋಟೋದಲ್ಲೇ ಅಳೆದರೆ ಆಗದಾ ಅಂತ ಆತನಿಗೆ ಹೊಳೆಯಿತು. 1885ರಲ್ಲಿ ಬರ್ಲಿನ್ನಿನಲ್ಲಿ ಇದಕ್ಕೆಂದೇ ಒಂದು ಸರ್ಕಾರಿ ಸಂಸ್ಥೆ ಶುರುವಾಯಿತು, ಈತನೇ ಮುಖ್ಯಸ್ಥ. ಆಗ ಗೆರೆ ಎಳೆಯುತ್ತಿದ್ದದ್ದು ಮನುಷ್ಯರು, ಕಾಗದದ ಮೇಲೆ.

ಜಾಸ್ತಿ ಜನ ಮರೆಯುವುದು ಅಳತೆಯನ್ನು. ಬರಿ ಫೋಟೋಗಳಿಂದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಗುಡಿಯೂ ಒಂದೇ, ಅಂಗೈಯಗಲದ ಅದರ ಗೊಂಬೆಯೂ ಒಂದೇ. ಮೆಟ್ಟಿಲ ಪಕ್ಕ ಒಂದು ಮೀಟರ್ ಪಟ್ಟಿ ಇಟ್ಟು ಅದನ್ನೂ ಫೋಟೋದಲ್ಲಿ ಸೇರಿಸಿ. ಹೋಗುವುದಾದರೆ ಮೋಡ ಕವಿದ ದಿನವೇ ಹೋಗಿ. ಬಿಸಿಲಿದ್ದರೆ ಮರದ ನೆರಳೂ ಗೋಡೆಯ ಬಣ್ಣವಾಗಿ ಮಾದರಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಅದನ್ನು ಕೆರೆದು ತೆಗೆಯುವುದು ದೊಡ್ಡ ತಲೆನೋವು.