ಕಟ್ಟಲು ಅನುದಾನ ಇದೆ, ನಡೆಸಲು ಇಲ್ಲ: ಬಳ್ಳಾರಿ ಸೀಮೆಯ ರಂಗಮಂದಿರಗಳ ಹಿಂದಿನ ಕಥೆ

ನಮ್ಮ ಕಡೆ ರಂಗಮಂದಿರದ ಬಗ್ಗೆ ಬರುವುದು ಎರಡೇ ಸುದ್ದಿ. ಹೊಸದಕ್ಕೆ ಅಡಿಗಲ್ಲು ಬಿತ್ತು ಅಂತ ಒಂದು. ಹಳೆಯದರ ದುರಸ್ತಿಗೆ ದುಡ್ಡು ಬೇಕು ಅಂತ ಇನ್ನೊಂದು. ಈ ಎರಡರ ನಡುವಿನ ವರ್ಷಗಳಲ್ಲಿ ಆ ಕಟ್ಟಡದೊಳಗೆ ಏನು ನಡೆಯಿತು, ಯಾರು ನೋಡಿಕೊಂಡರು, ಕರೆಂಟ್ ಬಿಲ್ ಯಾರು ಕಟ್ಟಿದರು ಅಂತ ಕೇಳುವವರು ಕಡಿಮೆ. ಬಳ್ಳಾರಿಯಲ್ಲಿ ರಾಘವ ಕಲಾಮಂದಿರ ಇದೆ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ ಇದೆ. ರಾಯಚೂರಿನಲ್ಲಿ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ ಇದೆ. ಎಲ್ಲವೂ ಕಲಾವಿದರ ಹೆಸರು ಹೊತ್ತಿವೆ. ಆದರೆ ಇಂಥ ಸಭಾಂಗಣಕ್ಕೆ ಏನು ಬೇಕು ಎಂಬ ಪಟ್ಟಿ ಬರೆಯುವಾಗ ಕಲಾವಿದರನ್ನು ಕೂರಿಸಿಕೊಳ್ಳುವುದು ಅಪರೂಪ. ಮೇಲ್ದರ್ಜೆಗೆ ಏರಿಸುವ ಮಾತು ಬಂದಾಗಲೆಲ್ಲ ನನಗೆ ಕಾಣುವ ಮೊದಲ ತೊಡಕು ಇದೇ.

ಮೊದಲು ಹೀಗಿರಲಿಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಇಲ್ಲಿನ ರಂಗಭೂಮಿಯನ್ನು ಎತ್ತಿ ನಿಲ್ಲಿಸಿದವರು ವಕೀಲರು. ಧರ್ಮವರಂ ರಾಮಕೃಷ್ಣಾಚಾರ್ಯರು ಸರಸ ವಿನೋದಿನಿ ಸಭೆ ಕಟ್ಟಿದರು. ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆ ನಡೆಸಿದರು. ಹಗಲು ಕೋರ್ಟು, ರಾತ್ರಿ ತಾಲೀಮು. ಧರ್ಮವರಂ ಅವರ ಸೋದರಳಿಯನೇ ಬಳ್ಳಾರಿ ರಾಘವ (1880–1946). ಅವರೂ ವಕೀಲರೇ. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದರು. ಹೆಣ್ಣಿನ ಪಾತ್ರವನ್ನು ಹೆಂಗಸರೇ ಮಾಡಬೇಕು ಅಂತ ಆ ಕಾಲದಲ್ಲೇ ಪಟ್ಟು ಹಿಡಿದವರು. ಈ ಸಭೆಗಳಲ್ಲಿ ನಾಟಕ ಬರೆಯುವವರು, ಆಡುವವರು, ಖರ್ಚಿನ ಲೆಕ್ಕ ನೋಡುವವರು ಒಂದೇ ಗುಂಪಿನವರು. ದೀಪ ಎಲ್ಲಿರಬೇಕು ಅಂತ ತೀರ್ಮಾನಿಸುತ್ತಿದ್ದವರೇ ಆ ದೀಪದ ಬೆಳಕಿನಲ್ಲಿ ನಿಲ್ಲುತ್ತಿದ್ದರು.

ಕಂಪನಿ ನಾಟಕದ ಕಾಲಕ್ಕೂ ಈ ಮಾತು ಸಲ್ಲುತ್ತದೆ. ಜಾತ್ರೆಗೆ ಬಂದು ಕ್ಯಾಂಪ್ ಹಾಕುವ ಕಂಪನಿಗೆ ತಗಡಿನ ಥಿಯೇಟರು, ಬಣ್ಣದ ಪರದೆಗಳು, ಹಾರ್ಮೋನಿಯಂ ಇಷ್ಟೇ ಆಸ್ತಿ. ಪರದೆ ಹರಿದರೆ ಅಂದಿನ ಕಲೆಕ್ಷನ್‌ನಲ್ಲೇ ಹೊಲಿಸಬೇಕು. ಬಲ್ಬು ಹೋದರೆ ಮಾಲೀಕನೇ ಓಡಬೇಕು. ಬಳ್ಳಾರಿಯಲ್ಲಿ ನೆಲೆಸಿದ್ದ ಸುಭದ್ರಮ್ಮ ಮನ್ಸೂರರಂಥ ನಟಿಯರು ರಂಗಗೀತೆ ಹಾಡಿ ಬೆಳೆದದ್ದು ಇಂಥ ವೇದಿಕೆಗಳ ಮೇಲೆ. ಬಡತನ ಬೇಕಾದಷ್ಟಿತ್ತು, ಅದನ್ನು ಹೊಗಳಬೇಕಾಗಿಲ್ಲ. ಆದರೆ ಆಡುವವರಿಗೆ ಏನು ಬೇಕು ಅನ್ನುವುದರಲ್ಲಿ ಗೊಂದಲ ಇರಲಿಲ್ಲ.

1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1956ರಲ್ಲಿ ರಾಯಚೂರು ಬಂತು. ಕೊಪ್ಪಳ ಆಗ ಅದರ ಭಾಗ, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಈ ಹೊತ್ತಿಗೆ ಕಲೆಗೆ ಕಟ್ಟಡ ಕೊಡುವುದು ಸರ್ಕಾರದ ಕೆಲಸ ಎಂಬ ಭಾವನೆ ದೇಶದಲ್ಲಿ ಬೇರೂರುತ್ತಿತ್ತು. 1961ರಲ್ಲಿ ಟ್ಯಾಗೋರರ ಶತಮಾನೋತ್ಸವ. ಅದರ ನೆನಪಿಗೆ ಹಲವು ರಾಜ್ಯಗಳಲ್ಲಿ ಸಭಾಂಗಣಗಳು ಎದ್ದವು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಹಾಗೆ ಬಂದದ್ದು. ಆಮೇಲೆ ಜಿಲ್ಲೆಗೊಂದು ರಂಗಮಂದಿರ ಬೇಕು ಅನ್ನುವ ಬೇಡಿಕೆ. ನ್ಯಾಯವಾದ ಬೇಡಿಕೆಯೇ. ಆದರೆ ಅದರ ಜೊತೆ ತೀರ್ಮಾನ ಮಾಡುವ ಕೈ ಬದಲಾಯಿತು. ನಟನ ಕೈಯಲ್ಲಿದ್ದ ಪಟ್ಟಿ ಎಂಜಿನಿಯರ ಮೇಜಿಗೆ ಹೋಯಿತು.

ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡೋಣ. 1993ರಿಂದ ಸಂಸದರ ಕ್ಷೇತ್ರಾಭಿವೃದ್ಧಿ ನಿಧಿ ಇದೆ, ಈಗ ವರ್ಷಕ್ಕೆ 5 ಕೋಟಿ. ಅದರಲ್ಲಿ ಬಾಳಿಕೆ ಬರುವ ಸಮುದಾಯ ಆಸ್ತಿ ಮಾಡಿಸಬಹುದು. ಸಂಬಳ, ಬಿಲ್ಲು ಕಟ್ಟುವಂತಿಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ ಅಂತ ಲೆಕ್ಕ ಕೊಟ್ಟಿತು. ಅದರಲ್ಲಿ ನಮ್ಮ ಭಾಗದ ಪಾಲು ದೊಡ್ಡದು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿ ಒಪ್ಪಿತು, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು. ಅದರಿಂದ ಹುಟ್ಟಿದ ಮಂಡಳಿಯೇ ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. 2022-23ರ ಬಜೆಟ್‌ನಲ್ಲಿ ಅದಕ್ಕೆ 3,000 ಕೋಟಿ ಇಟ್ಟರು, ಮುಂದೆ ಅದು 5,000 ಕೋಟಿಗೆ ಏರಿತು. ಏಳು ಜಿಲ್ಲೆಗಳ ಹಣ ಅದು. ಶಾಲೆ, ಆಸ್ಪತ್ರೆ, ರಸ್ತೆಗಳ ಸಾಲಿನಲ್ಲಿ ರಂಗಮಂದಿರದ ಸರದಿ ಹಿಂದೆ ಬೀಳುವುದು ಸಹಜ.

ಬಳ್ಳಾರಿಗೆ ಇನ್ನೊಂದು ದಾರಿಯೂ ಇದೆ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆಯ ಗುತ್ತಿಗೆದಾರರು ಸರ್ಕಾರಕ್ಕೆ ಕೊಡುವ ರಾಜಧನದ (ರಾಯಲ್ಟಿ) ಮೇಲೆ ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಅದಕ್ಕೆ ಕಟ್ಟಬೇಕು. ಈ ಹಣದಲ್ಲಿ ಶೇ 70 ಭಾಗ (2024ರ ಹೊಸ ಮಾರ್ಗಸೂಚಿಗೆ ಮೊದಲು ಶೇ 60) ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ನೈರ್ಮಲ್ಯದಂಥ ಆದ್ಯತೆಗಳಿಗೆ ಹೋಗಬೇಕು. ಗಣಿ ದೂಳು ಕುಡಿದ ಊರುಗಳಿಗೆ ಮೊದಲು ನೀರು, ಔಷಧಿ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯದ ಟ್ಯಾಗೋರ್ ಸಾಂಸ್ಕೃತಿಕ ಸಂಕೀರ್ಣ ಯೋಜನೆಯಲ್ಲಿ ಹಳೆಯ ಸಭಾಂಗಣದ ನವೀಕರಣಕ್ಕೂ ಅವಕಾಶ ಉಂಟು. ಸಾಮಾನ್ಯವಾಗಿ 15 ಕೋಟಿವರೆಗೆ, ವೆಚ್ಚದ ಶೇ 60 ಅವರದು. ಸಂಘ-ಸಂಸ್ಥೆಗಳಿಗೆ ಸಚಿವಾಲಯದ ಕಟ್ಟಡ ಅನುದಾನ ಬೇರೆ ಇದೆ. ಮಹಾನಗರದಲ್ಲಿ 50 ಲಕ್ಷ, ಉಳಿದ ಊರುಗಳಲ್ಲಿ 25 ಲಕ್ಷದ ಮಿತಿ. ಇದರಲ್ಲಿ ಚಿಕ್ಕ ಸ್ಟುಡಿಯೋ ಥಿಯೇಟರ್ ಕಟ್ಟಿಕೊಳ್ಳಬಹುದು. ಸಂಸ್ಥೆಯೂ ತನ್ನ ಪಾಲು ಹಾಕಬೇಕು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಗೊತ್ತಾಗುವುದು ಒಂದೇ. ಕಟ್ಟಲು, ಕೊಳ್ಳಲು ಒಮ್ಮೆ ಹಣ ಸಿಗುತ್ತದೆ. ತಿಂಗಳು ತಿಂಗಳು ನಡೆಸಲು ಸಿಗುವುದಿಲ್ಲ.

ಇನ್ನು ಆ ಒಮ್ಮೆಯ ಹಣ ಹೇಗೆ ಖರ್ಚಾಗುತ್ತದೆ? ಎಂಜಿನಿಯರು ಅಂದಾಜು ಪಟ್ಟಿ ಮಾಡುವುದು ಇಲಾಖೆಯ ದರಪಟ್ಟಿ, ಅಂದರೆ ಎಸ್‌.ಆರ್. ನೋಡಿಕೊಂಡು. ಅದರಲ್ಲಿ ಟೈಲ್ಸ್ ಇದೆ, ಗ್ರಾನೈಟ್ ಇದೆ, ಪಿ.ಒ.ಪಿ. ಸೀಲಿಂಗ್ ಇದೆ. ರಂಗದ ದೀಪ, ಅದರ ಬೆಳಕು ಏರಿಸಿ ಇಳಿಸುವ ಡಿಮ್ಮರ್‌ನಂಥವನ್ನು ಹಾಕಬೇಕೆಂದರೆ ಬೇರೆಯಾಗಿ ಕೊಟೇಶನ್ ತರಿಸಬೇಕು, ದರಕ್ಕೆ ಒಪ್ಪಿಗೆ ಪಡೆಯಬೇಕು, ಆಕ್ಷೇಪಣೆಗೆ ಉತ್ತರ ಕೊಡಬೇಕು. ಮಾರ್ಚ್ ಹತ್ತಿರ ಬರುತ್ತಿರುತ್ತದೆ. ಹಣ ವಾಪಸ್ ಹೋಗುವ ಭಯ. ಆಗ ಸುಲಭವಾದದ್ದೇ ಗೆಲ್ಲುತ್ತದೆ. ವೇದಿಕೆಗೆ ಹೊಳೆಯುವ ನೆಲ ಬರುತ್ತದೆ.

ಆ ನೆಲದ ಮೇಲೆ ದೊಡ್ಡಾಟದವರು ಕುಣಿಯುವುದನ್ನು ಹತ್ತಿರದಿಂದ ನೋಡಬೇಕು. ಬಯಲಾಟದ ಅಟ್ಟ ಮರದ ಹಲಗೆಯದು. ಗೆಜ್ಜೆ ಕಟ್ಟಿದ ಕಾಲು ಬಿದ್ದರೆ ಹಲಗೆ ದನಿ ಕೊಡುತ್ತದೆ, ಸ್ವಲ್ಪ ಬಾಗಿ ಕಾಲನ್ನು ಕಾಯುತ್ತದೆ. ಗ್ರಾನೈಟ್ ಎರಡನ್ನೂ ಮಾಡುವುದಿಲ್ಲ. ಜಾರುತ್ತದೆ, ಮೀನಖಂಡ ನೋಯುತ್ತದೆ, ಹೆಜ್ಜೆಯ ಸಪ್ಪಳ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ಪಾತ್ರಧಾರಿ ಎರಡೂವರೆ ಅಡಿಯ ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಹೊರಬರಬೇಕು. ತೊಗಲುಗೊಂಬೆಯವರ ಕಷ್ಟ ಇನ್ನೊಂದು ಥರ. ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನು ತೊಗಲುಗೊಂಬೆಯಲ್ಲಿ ತಂದ ಜಿಲ್ಲೆ ಇದು. ಪಕ್ಕದ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಈ ಆಟಕ್ಕೆ ಬೇಕಾದದ್ದು ಒಂದು ಬಿಳಿ ಪರದೆ, ಹಿಂದೊಂದು ದೀಪ, ಸುತ್ತ ಪೂರ್ತಿ ಕತ್ತಲು. ಕಿಟಕಿಯ ಗಾಜಿನಿಂದ ಬೆಳಕು ಸೋರುವ ಸಾವಿರ ಕುರ್ಚಿಯ ಸಭಾಂಗಣದಲ್ಲಿ ಗೊಂಬೆಯ ಬಣ್ಣ ಸಾಯುತ್ತದೆ. ಇದಕ್ಕೆ ನೂರು, ನೂರೈವತ್ತು ಜನ ಕೂರುವ ಕತ್ತಲ ಕೋಣೆ ಸಾಕು. ಸ್ಟುಡಿಯೋ ಥಿಯೇಟರ್ ಅನುದಾನ ನಮಗೆ ಒಗ್ಗುವುದು ಇದಕ್ಕೇ.

ಸದ್ದಿನ ವಿಷಯ ಪರೀಕ್ಷೆ ಮಾಡುವುದು ಸುಲಭ. ಖಾಲಿ ಸಭಾಂಗಣದ ವೇದಿಕೆ ಮೇಲೆ ನಿಂತು ಒಂದು ಚಪ್ಪಾಳೆ ತಟ್ಟಿ. ಮಾತಿನ ನಾಟಕಕ್ಕೆ ಆ ಸದ್ದು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಅಡಗಬೇಕು. ಎರಡು-ಮೂರು ಸೆಕೆಂಡ್ ಗುಂಯ್‌ಗುಟ್ಟಿದರೆ ಒಂದು ಮಾತಿನ ಮೇಲೆ ಇನ್ನೊಂದು ಹತ್ತಿ ಏನೂ ಕೇಳುವುದಿಲ್ಲ. ಆಗ ದೊಡ್ಡ ಸ್ಪೀಕರ್ ತರುತ್ತಾರೆ, ಗುಂಯ್ ಇನ್ನೂ ಜಾಸ್ತಿಯಾಗುತ್ತದೆ. ಮೊದಲು ಗೋಡೆಗೆ ಸದ್ದು ಹೀರುವ ಹಲಗೆ ಹಾಕಬೇಕು, ಸ್ಪೀಕರ್ ಆಮೇಲೆ. ಬೆಂಕಿ ಹತ್ತದ ಹಲಗೆ, ಬೆಂಕಿ ಹತ್ತದ ಪರದೆ ಅನ್ನುವುದನ್ನು ಪಟ್ಟಿಯಲ್ಲೇ ಬರೆಯಬೇಕು.

ನಡೆಸುವ ಖರ್ಚಿಗೆ ಹಣ ಇಲ್ಲ ಅಂದಮೇಲೆ, ಕಟ್ಟುವ ಹಣವನ್ನು ನಡೆಸುವ ಖರ್ಚು ಇಳಿಸುವ ಕಡೆಗೇ ಹಾಕಬೇಕು ಅಲ್ವಾ? ವೇದಿಕೆಗೆ ಬೆಳಕು ಚೆಲ್ಲುವ ಹಳೆಯ ಹ್ಯಾಲೊಜನ್ ಪಾರ್ ದೀಪ ಒಂದಕ್ಕೆ ಸಾವಿರ ವಾಟ್. ಇಪ್ಪತ್ತು ಹಚ್ಚಿದರೆ 20 ಕಿಲೋವಾಟ್. ಆ ಶಾಖಕ್ಕೆ ಎ.ಸಿ.ಯ ಹೊರೆ ಬೇರೆ. ಎಲ್‌ಇಡಿ ಪಾರ್‌ಗೆ ಇನ್ನೂರು ವಾಟ್ ಆಸುಪಾಸು ಸಾಕು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲು ಸುಮ್ನೆ ಚಾವಣಿ ಕಾಯಿಸುತ್ತದೆ. ಅದೇ ಚಾವಣಿಗೆ ಸೋಲಾರ್ ಹಾಕಿ ಆ ಕರೆಂಟನ್ನು ವಿದ್ಯುತ್ ಕಂಪನಿ ಜೆಸ್ಕಾಂಗೆ ಕೊಟ್ಟರೆ ಬಿಲ್ ಇಳಿಯುತ್ತದೆ. ಬಿಲ್ ಇಳಿದರೆ ಬಾಡಿಗೆ ಇಳಿಸಬಹುದು. ಬಾಡಿಗೆ ಇಳಿದರೆ ಹಳ್ಳಿಯ ತಂಡವೂ ಒಳಗೆ ಬರಬಹುದು. ಈಗ ಬಾಡಿಗೆ ಕೊಡುವ ತಾಕತ್ತಿರುವುದು ಸನ್ಮಾನ, ಸಮಾವೇಶ ಮಾಡುವವರಿಗೆ. ದೀಪ, ಧ್ವನಿಯ ಟೆಂಡರ್‌ನಲ್ಲೇ ಐದು ವರ್ಷದ ನಿರ್ವಹಣೆ ಮತ್ತು ಇಬ್ಬರು ಸ್ಥಳೀಯ ಹುಡುಗ ಹುಡುಗಿಯರಿಗೆ ತರಬೇತಿ ಸೇರಿಸಿದರೆ, ಯಂತ್ರ ಕೆಟ್ಟು ಮೂಲೆ ಸೇರುವುದು ತಪ್ಪುತ್ತದೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹಳೆಯ ಸಾರ್ವಜನಿಕ ಕಟ್ಟಡಗಳಿಗೂ ಅನ್ವಯಿಸುತ್ತದೆ. ರ‍್ಯಾಂಪ್ ಅಂದರೆ ಪ್ರೇಕ್ಷಕರ ಬಾಗಿಲಿಗೆ ಮಾತ್ರ ಅಲ್ಲ, ವೇದಿಕೆಗೂ ಬೇಕು. ಗಾಲಿಕುರ್ಚಿಯಲ್ಲಿ ಬರುವ ಹಾಡುಗಾರನೂ ಇರುತ್ತಾನೆ.

ಹೆಂಗಸರಿಗೆ ಬಣ್ಣ ಹಚ್ಚಿಕೊಳ್ಳುವ ಕೋಣೆ ಪ್ರತ್ಯೇಕ ಬೇಕು, ಅದಕ್ಕೆ ಹೊಂದಿಕೊಂಡೇ ಶೌಚಾಲಯ, ಒಳಗಿನಿಂದ ಚಿಲಕ. ಬಣ್ಣ ಹಚ್ಚಿಕೊಂಡ ನಟಿ ಪ್ರೇಕ್ಷಕರ ನಡುವೆ ನಡೆದು ಹೊರಗಿನ ಶೌಚಾಲಯಕ್ಕೆ ಹೋಗುವಂತಾಗಬಾರದು. ರಾಘವರ ಊರಿನಲ್ಲಿ ಇದನ್ನು ಇನ್ನೂ ಕೇಳಬೇಕಾಗಿರುವುದು ನೋವಿನ ಮಾತು. ನೈರ್ಮಲ್ಯ, ಮಹಿಳಾ ಕಲ್ಯಾಣ ಎರಡೂ ಖನಿಜ ನಿಧಿಯ ಆದ್ಯತೆಯಲ್ಲಿವೆ. ಗಣಿ ಬಾಧಿತ ಪ್ರದೇಶದ ಸಭಾಂಗಣಗಳು ಆ ಬಾಗಿಲನ್ನು ತಟ್ಟಿ ನೋಡಬಹುದು. ಮುಂದಿನ ಕ್ರಿಯಾ ಯೋಜನೆ ಬರೆಯುವ ಮೊದಲು ಜಿಲ್ಲಾಡಳಿತ ದೊಡ್ಡಾಟದ ಒಬ್ಬ ಮಾಸ್ತರರನ್ನು, ಒಬ್ಬ ನಟಿಯನ್ನು, ದೀಪ ಹಾಕುವ ಒಬ್ಬರನ್ನು ಎಂಜಿನಿಯರ ಪಕ್ಕ ಕೂರಿಸಲಿ. ಅಂದಾಜು ಪಟ್ಟಿಗೆ ಅವರ ಸಹಿಯೂ ಬೀಳಲಿ.